ಪರದೆಗೆ ಒಂದು ವಯಸ್ಸು, ಕಂಪ್ಯೂಟರಿಗೆ ಇನ್ನೊಂದು

ಐಮ್ಯಾಕ್ ಅಂದರೆ ಪರದೆ, ಕಂಪ್ಯೂಟರ್ ಎರಡೂ ಒಂದೇ ಮೈಯಲ್ಲಿರುವ ಆಪಲ್ ಮಷೀನ್. ಹಳೇ ಐಮ್ಯಾಕ್ ಇಟ್ಟುಕೊಂಡವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ. "ಸ್ಕ್ರೀನ್ ಇನ್ನೂ ಹೊಸದರ ಹಾಗಿದೆ, ಆದ್ರೆ ಮಷೀನ್ ತುಂಬಾ ಸ್ಲೋ. ಏನ್ ಮಾಡೋದು?" ಐಮ್ಯಾಕಿನ ಇಪ್ಪತ್ತೈದಕ್ಕೂ ಹೆಚ್ಚು ವರ್ಷದ ಕಥೆಯೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ. ಒಳ್ಳೆಯ ಪರದೆ ಹತ್ತು ಹನ್ನೆರಡು ವರ್ಷ ಆರಾಮಾಗಿ ಬಾಳುತ್ತದೆ. ಪ್ರೊಸೆಸರ್, ಮೆಮೊರಿ, ಡಿಸ್ಕ್ ಇವೆಲ್ಲ ಅದರ ಅರ್ಧಕ್ಕೇ ಏದುಸಿರು ಬಿಡತೊಡಗುತ್ತವೆ. ಎರಡನ್ನೂ ಒಂದೇ ಡಬ್ಬದಲ್ಲಿ ಹಾಕಿ ಮುಚ್ಚಿದರೆ, ಮೊದಲು ಸೋತದ್ದು ಗಟ್ಟಿಯಾಗಿರುವುದನ್ನೂ ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ.

ನಾನು ಪುಸ್ತಕಗಳ ಪುಟ ವಿನ್ಯಾಸ ಮಾಡುವವಳು. ದಿನವಿಡೀ ಕಣ್ಣು ಪರದೆಯ ಮೇಲೇ. ಜೊತೆಗೆ ಹಳೇ ಐಮ್ಯಾಕುಗಳನ್ನು ಬಿಚ್ಚಿ, ಧೂಳು ತೆಗೆದು, ಡಿಸ್ಕ್ ಬದಲಿಸಿ ಮತ್ತೆ ಓಡುವ ಹಾಗೆ ಮಾಡುವುದೆಂದರೆ ನನಗೆ ಪ್ರಾಣ. ಹೀಗಾಗಿ ಒಂದು ತಲೆಮಾರನ್ನು ಇನ್ನೊಂದರ ಪಕ್ಕ ಇಟ್ಟಾಗ ಎಷ್ಟು ತೆಳ್ಳಗಾಯಿತು, ಎಷ್ಟು ಪಟ್ಟು ವೇಗವಾಯಿತು ಅನ್ನುವುದು ನನ್ನ ಮೊದಲ ಪ್ರಶ್ನೆ ಆಗುವುದಿಲ್ಲ. ಪರದೆ ಹೇಗಿದೆ, ಒಳಗಿನದು ಸೋತಾಗ ಆ ಪರದೆಯ ಗತಿ ಏನು, ಅದನ್ನು ನೋಡುತ್ತೇನೆ.

1998ರ ಆಗಸ್ಟಿನಲ್ಲಿ ಬಂದ ಮೊದಲ ಐಮ್ಯಾಕಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆ ನೀಲಿ-ಹಸಿರು ಪ್ಲಾಸ್ಟಿಕ್ ಮೈ ಎಲ್ಲರಿಗೂ ಗೊತ್ತು. 233 ಮೆಗಾಹರ್ಟ್ಸಿನ ಜಿ3 ಪ್ರೊಸೆಸರ್, 32 ಎಂಬಿ ಮೆಮೊರಿ, 4 ಜಿಬಿ ಹಾರ್ಡ್ ಡಿಸ್ಕ್. ಫ್ಲಾಪಿ ಡ್ರೈವನ್ನು ಕಿತ್ತುಹಾಕಿದ್ದಕ್ಕೆ ಆಗ ದೊಡ್ಡ ಗಲಾಟೆಯೇ ಆಗಿತ್ತು. ತೂಕ 17 ಕೆಜಿ, ಅದನ್ನು ಎತ್ತಲಿಕ್ಕೆ ನೆತ್ತಿಯ ಮೇಲೆ ಒಂದು ಹಿಡಿ. ಆ ಕಾಲದಲ್ಲಿ ವಯಸ್ಸಿನ ಜಗಳ ಅಷ್ಟಾಗಿ ಕಾಣುತ್ತಿರಲಿಲ್ಲ. 15 ಇಂಚಿನ ಪಿಕ್ಚರ್ ಟ್ಯೂಬ್ ತಾನೂ ಮಂಕಾಗುತ್ತಾ ಬರುತ್ತಿತ್ತು, ಪ್ರೊಸೆಸರೂ ಹಿಂದೆ ಬೀಳುತ್ತಿತ್ತು. ಇಬ್ಬರೂ ಜೊತೆಜೊತೆಗೇ ಮುದುಕರಾದರು. ಆ ಸಾಲಿನಲ್ಲಿ ನನಗೆ ತುಂಬಾ ಇಷ್ಟವಾದದ್ದು 1999ರ ಅಕ್ಟೋಬರಿನಲ್ಲಿ ಬಂದ, ಸಿಡಿಯನ್ನು ಸೀಳಿನೊಳಗೆ ತಳ್ಳುವ ಮಾದರಿ. ಅದರಲ್ಲಿ ಫ್ಯಾನೇ ಇಲ್ಲ. ಬಿಸಿ ಗಾಳಿ ತಾನಾಗಿಯೇ ಮೇಲೇರಿ ನೆತ್ತಿಯ ತೂತುಗಳಿಂದ ಹೊರಗೆ ಹೋಗುತ್ತದೆ. ಟ್ಯೂಬ್ ಇರುವ ಮಷೀನನ್ನು ಫ್ಯಾನಿಲ್ಲದೆ ತಂಪಾಗಿಟ್ಟದ್ದು ಸಣ್ಣ ಕೆಲಸವಲ್ಲ.

2002ರ ಜನವರಿಯಲ್ಲಿ ಬಂದ ಐಮ್ಯಾಕ್ ಜಿ4 ಬಗ್ಗೆ ಮಾತ್ರ ನಾನು ಗಂಟೆಗಟ್ಟಲೆ ಮಾತಾಡಬಲ್ಲೆ. ಬಿಳಿ ಅರ್ಧಗೋಳ, ಅದರಿಂದ ಮೇಲೆದ್ದ ಸ್ಟೀಲಿನ ತೋಳು, ತೋಳಿನ ತುದಿಯಲ್ಲಿ ಎಲ್‌ಸಿಡಿ ಪರದೆ. ಕಂಪ್ಯೂಟರ್ ಪೂರ್ತಿ ಗೋಳದ ಒಳಗೆ. ಡಿವಿಡಿ ಟ್ರೇ ಗೋಳದ ಮುಂಭಾಗದಿಂದ ಹೊರಬರುತ್ತದೆ. ಪರದೆಯ ಅಂಚನ್ನು ಒಂದು ಬೆರಳಿನಿಂದ ಮುಟ್ಟಿ ಮೇಲೆ, ಕೆಳಗೆ, ಪಕ್ಕಕ್ಕೆ ಒಯ್ಯಬಹುದು. ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುತ್ತದೆ, ಒಂದು ಕೂದಲೆಳೆಯಷ್ಟೂ ಕುಸಿಯುವುದಿಲ್ಲ. ಒಳಗಿನ ಸ್ಪ್ರಿಂಗುಗಳು ಪರದೆಯ ಭಾರವನ್ನು ಅಷ್ಟು ಸರಿಯಾಗಿ ಹೊರುತ್ತವೆ.

ಪರದೆಯ ಎತ್ತರವನ್ನು ಕೂತವರ ಕಣ್ಣಿನ ಮಟ್ಟಕ್ಕೆ ಹೊಂದಿಸಲು ಬಿಟ್ಟ ಐಮ್ಯಾಕ್ ಇದೊಂದೇ. ಆಮೇಲೆ ಬಂದ ಎಲ್ಲವೂ ಹಿಂದೆ ಮುಂದೆ ಬಾಗುತ್ತವೆ ಅಷ್ಟೇ, ಏರುವುದಿಲ್ಲ, ಇಳಿಯುವುದಿಲ್ಲ. ದಿನಕ್ಕೆ ಎಂಟು ಗಂಟೆ ಪ್ರೂಫ್ ನೋಡುವವರ ಕತ್ತಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಆ ಕೆಲಸ ಮಾಡಿದವರಿಗೇ ಗೊತ್ತು. 20 ವರ್ಷ ಹಿಂದೆಯೇ ಮಾಡಿ ತೋರಿಸಿದ್ದನ್ನು ಯಾಕೆ ಕೈಬಿಟ್ಟರೋ ಅಂತ ನನಗೆ ಇವತ್ತಿಗೂ ಬೇಜಾರಿದೆ.

ನೋಡಲಿಕ್ಕೆ ಜಿ4ರಲ್ಲಿ ಪರದೆ ಬೇರೆ, ಕಂಪ್ಯೂಟರ್ ಬೇರೆ. ಆದರೆ ಬಿಚ್ಚಿದಾಗ ಕಥೆ ಬದಲಾಗುತ್ತದೆ. ತೋಳಿನೊಳಗೆ ಓಡುವ ತಂತಿಗಳು ನೇರ ಬೋರ್ಡಿಗೆ ಹೋಗುತ್ತವೆ, ಪರದೆಯನ್ನು ಕಳಚಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸುವ ಹಾಗಿಲ್ಲ. ತಳದ ಮುಚ್ಚಳ ತೆಗೆದರೆ ಮೆಮೊರಿಯ ಒಂದು ಸ್ಲಾಟ್ ಸುಲಭವಾಗಿ ಸಿಗುತ್ತದೆ. ಇನ್ನೊಂದು ಒಳಗೆ ಸೇರಿಕೊಂಡಿದೆ. ಅಲ್ಲಿಗೆ ಹೋಗಬೇಕಾದರೆ ಗೋಳವನ್ನೇ ಎರಡು ಹೋಳು ಮಾಡಬೇಕು, ಮುಚ್ಚುವಾಗ ಶಾಖ ಸಾಗಿಸುವ ಜಾಗಕ್ಕೆ ಹಳೇ ಪೇಸ್ಟ್ ಒರೆಸಿ ಹೊಸದು ಹಚ್ಚಬೇಕು. ಹಚ್ಚದೆ ಹಾಗೇ ಮುಚ್ಚಿದರೆ ಮಷೀನ್ ಕುದಿಯುತ್ತದೆ. ಇನ್ನು ತೂಕ. 15 ಇಂಚಿನದು ಹತ್ತು ಕೆಜಿಗೆ ಸ್ವಲ್ಪ ಕಮ್ಮಿ, 2003ರ 20 ಇಂಚಿನದು 18 ಕೆಜಿ. ಟ್ಯೂಬ್ ಇದ್ದ ಹಳೆಯದಕ್ಕಿಂತಲೂ ಭಾರ! ಅಷ್ಟು ದೊಡ್ಡ ಪರದೆ ತೋಳಿನ ತುದಿಯಲ್ಲಿ ನೇತಾಡಬೇಕಾದರೆ ಬುಡ ಭಾರ ಇರಲೇಬೇಕು ಅಲ್ವಾ.

2004ರ ಜಿ5 ಬೇರೆಯೇ ದಾರಿ ಹಿಡಿಯಿತು. ಕಂಪ್ಯೂಟರನ್ನು ಪರದೆಯ ಬೆನ್ನಿಗೆ ಅಂಟಿಸಿ, ಒಂದು ಕಾಲಿನ ಮೇಲೆ ನಿಲ್ಲಿಸಿದರು. ಇವತ್ತಿನ ತನಕವೂ ಐಮ್ಯಾಕ್ ಅಂದರೆ ಇದೇ ಆಕಾರ. ಆದರೆ ಆ ಮೊದಲ ಜಿ5ರಲ್ಲಿದ್ದ ಒಂದು ಗುಣ ಆಮೇಲೆ ಯಾವುದಕ್ಕೂ ಬರಲಿಲ್ಲ. ಮೆತ್ತಗಿನ ಬಟ್ಟೆ ಹಾಸಿ ಮುಖ ಕೆಳಗೆ ಮಾಡಿ ಮಲಗಿಸಿ, ಕೆಳ ಅಂಚಿನ ಮೂರು ಸ್ಕ್ರೂ ಸಡಿಲಿಸಿದರೆ ಇಡೀ ಬೆನ್ನು ಎದ್ದು ಬರುತ್ತದೆ. ಹಾರ್ಡ್ ಡಿಸ್ಕ್, ಪವರ್ ಸಪ್ಲೈ, ಮೆಮೊರಿ, ಬೋರ್ಡ್ ಎಲ್ಲ ಕಣ್ಣೆದುರಿಗೇ. ಏನು ಕೆಟ್ಟಿದೆ ಅಂತ ತಿಳಿಯಲು ಬೋರ್ಡಿನ ಮೇಲೆ ಪುಟ್ಟ ಪುಟ್ಟ ದೀಪಗಳೂ ಇವೆ. ಬಳಸುವವರೇ ಬಿಚ್ಚಲಿ ಅಂತಲೇ ಮಾಡಿದ್ದು. ಈ ಮಾದರಿಯ ಎಷ್ಟೋ ಬೋರ್ಡುಗಳಲ್ಲಿ ಕೆಪಾಸಿಟರ್ ಉಬ್ಬಿ ಕೆಟ್ಟದ್ದು ಹೌದು, ಅದಕ್ಕೆ ಆಪಲ್ ಉಚಿತ ರಿಪೇರಿಯ ಅವಧಿಯನ್ನೇ ವಿಸ್ತರಿಸಬೇಕಾಯಿತು. ಆದರೆ ಕೆಟ್ಟದ್ದನ್ನು ಮುಚ್ಚಳ ತೆಗೆದ ಕೂಡಲೇ ಕಣ್ಣಿನಿಂದ ನೋಡಬಹುದಿತ್ತು. 2005ರಲ್ಲಿ ಕ್ಯಾಮೆರಾ ಸೇರಿಸಿ ಇನ್ನಷ್ಟು ತೆಳ್ಳಗೆ ಮಾಡಿದಾಗ ಈ ಸೌಲಭ್ಯ ಹೋಯಿತು. ಬಿಚ್ಚುವುದು ಮುಂದಿನಿಂದ ಅಂತಾಯಿತು, ಬಳಸುವವರಿಗೆ ಉಳಿದದ್ದು ಮೆಮೊರಿಯ ಕಿಂಡಿ ಮಾತ್ರ.

2006ರಲ್ಲಿ ಇಂಟೆಲ್ ಪ್ರೊಸೆಸರ್ ಬಂತು. ಹೊರಗಿನ ರೂಪ ಒಂದು ಚೂರೂ ಬದಲಾಗಲಿಲ್ಲ, ಆದರೆ ಜಿ5 ಇಟ್ಟುಕೊಂಡವರ ಪಾಲಿಗೆ ಗಡಿಯಾರ ಅಂದೇ ಓಡಲು ಶುರುವಾಯಿತು. 2009ರಲ್ಲಿ ಬಂದ ಸ್ನೋ ಲೆಪರ್ಡ್ ಅನ್ನುವ ಮ್ಯಾಕ್ ಆಪರೇಟಿಂಗ್ ಸಿಸ್ಟಮ್ ಇಂಟೆಲ್ ಮಷೀನಿಗೆ ಮಾತ್ರ. ಮಷೀನ್ ಕೆಡದೇ ಇದ್ದರೂ ಸಾಫ್ಟ್‌ವೇರ್ ಕೈಬಿಟ್ಟರೆ ಅದೂ ಒಂದು ಸಾವೇ. 2007ರಲ್ಲಿ ಪ್ಲಾಸ್ಟಿಕ್ ಹೋಗಿ ಅಲ್ಯುಮಿನಿಯಂ, ಗಾಜು ಬಂದವು. ಆಗಿನ 20 ಇಂಚಿನದನ್ನು ನಾನು ಯಾರಿಗೂ ತಗೊಳ್ಳಿ ಅಂತ ಹೇಳಲಿಲ್ಲ. ಅದರಲ್ಲಿದ್ದದ್ದು ಟಿಎನ್ ಅನ್ನುವ ಅಗ್ಗದ ಬಗೆಯ ಎಲ್‌ಸಿಡಿ ಪ್ಯಾನೆಲ್. ತಲೆ ಸ್ವಲ್ಪ ಮೇಲೆ ಕೆಳಗೆ ಮಾಡಿದರೂ ಬಣ್ಣ ಬದಲಾಗುತ್ತದೆ. ಪುಟದ ಮೇಲ್ಭಾಗದ ಬೂದು ಒಂದು, ಕೆಳಭಾಗದ ಬೂದು ಇನ್ನೊಂದು. 24 ಇಂಚಿನದರಲ್ಲಿ ಈ ತೊಂದರೆ ಇರಲಿಲ್ಲ.

2009ರ ಅಕ್ಟೋಬರಿನಲ್ಲಿ ಬಂದ 27 ಇಂಚಿನದು ನನ್ನ ಮಟ್ಟಿಗೆ ಬಹಳ ಮುಖ್ಯವಾದ ಮಷೀನ್. 2560 ಗುಣಿಸು 1440 ಪಿಕ್ಸೆಲ್, ಎಲ್‌ಇಡಿ ಬೆಳಕು, ಯಾವ ಕೋನದಿಂದ ನೋಡಿದರೂ ಬಣ್ಣ ನಿಲ್ಲುವ ಐಪಿಎಸ್ ಪ್ಯಾನೆಲ್. ಎದುರುಬದುರು ಎರಡು ಪುಟ ಇಟ್ಟು, ಪಕ್ಕದಲ್ಲಿ ಟೂಲುಗಳನ್ನೂ ಇಟ್ಟುಕೊಳ್ಳುವಷ್ಟು ಜಾಗ. ಇದಕ್ಕಿಂತ ದೊಡ್ಡ ವಿಷಯ ಬೆನ್ನಿನ ಒಂದು ಸಣ್ಣ ತೂತಿನಲ್ಲಿದೆ. ಅದರ ಮಿನಿ ಡಿಸ್‌ಪ್ಲೇಪೋರ್ಟಿಗೆ ಇನ್ನೊಂದು ಕಂಪ್ಯೂಟರಿನಿಂದ ಕೇಬಲ್ ಎಳೆದು, ಕೀಬೋರ್ಡಿನಲ್ಲಿ ಕಮಾಂಡ್ ಮತ್ತು ಎಫ್2 ಒಟ್ಟಿಗೆ ಒತ್ತಿದರೆ ಆ ಐಮ್ಯಾಕ್ ಬರೀ ಮಾನಿಟರ್ ಆಗಿಬಿಡುತ್ತದೆ. ಟಾರ್ಗೆಟ್ ಡಿಸ್‌ಪ್ಲೇ ಮೋಡ್ ಅಂತ ಅದರ ಹೆಸರು. ಪ್ರೊಸೆಸರ್ ಹಳತಾದರೂ ಪರದೆ ದುಡಿಯುತ್ತಲೇ ಇರಬಹುದು. ಎರಡು ವಯಸ್ಸಿನ ಜಗಳಕ್ಕೆ ಆಪಲ್ ಕೊಟ್ಟ ನಿಜವಾದ ಪರಿಹಾರ ಇದೊಂದೇ ಅಂತ ನಾನು ಹೇಳುತ್ತೇನೆ. 2011ರಿಂದ ಇದೇ ಸೌಲಭ್ಯ ಥಂಡರ್‌ಬೋಲ್ಟ್ ಕೇಬಲ್ಲಿಗೆ ಬದಲಾಯಿತು. ಆ ಮಾದರಿಗಳು ಥಂಡರ್‌ಬೋಲ್ಟ್ ಇರುವ ಮ್ಯಾಕಿನಿಂದ ಮಾತ್ರ ಚಿತ್ರ ತಗೊಳ್ಳುತ್ತವೆ. 2009, 2010ರ 27 ಇಂಚಿನವು ಹಾಗಲ್ಲ, ಡಿಸ್‌ಪ್ಲೇಪೋರ್ಟ್ ಇದ್ದರೆ ಸಾಕು. ಹಳೆಯದು ಕೊಳ್ಳುವವರು ಈ ವ್ಯತ್ಯಾಸ ನೋಡಿಕೊಳ್ಳಬೇಕು.

ಈ ಮಷೀನ್ ಬಿಚ್ಚುವುದೂ ನನಗೆ ಖುಷಿ ಕೊಡುವ ಕೆಲಸ. ಮುಂದಿನ ಗಾಜು ನಿಂತಿರುವುದು ಬರೀ ಅಯಸ್ಕಾಂತದ ಮೇಲೆ. ಮೇಲಿನ ಎರಡು ಮೂಲೆಗೆ ರಬ್ಬರಿನ ಹೀರು ಬಟ್ಟಲು ಒತ್ತಿ ಮೆಲ್ಲಗೆ ಎಳೆದರೆ ಗಾಜು ಪೂರ್ತಿಯಾಗಿ ಕೈಗೆ ಬರುತ್ತದೆ. ಅದರ ಕೆಳಗೆ ಎಂಟು ಟಾರ್ಕ್ಸ್ ಸ್ಕ್ರೂ. ಸ್ಕ್ರೂ ಡ್ರೈವರ್ ಹತ್ತಿರ ಬಂದ ಕೂಡಲೇ ಅಂಚಿನ ಅಯಸ್ಕಾಂತ ಅದನ್ನು ತನ್ನತ್ತ ಎಳೆಯುತ್ತದೆ. ಸ್ಕ್ರೂ ಕೂಡ ಜಾರಿ ಅಲ್ಲಿಗೇ ಅಂಟಿಕೊಳ್ಳುತ್ತದೆ, ಒಂದೊಂದನ್ನೂ ಬೆರಳಿನಿಂದ ಹಿಡಿದೇ ಹೊರತೆಗೆಯಬೇಕು. ಆಮೇಲೆ ಪ್ಯಾನೆಲಿನ ಮೇಲಂಚನ್ನು ಒಂದು ಗೇಣು ಎತ್ತಿ, ಕೆಳಗೆ ಕೈ ತೂರಿಸಿ ನಾಲ್ಕು ಕೇಬಲ್ ಬಿಡಿಸಬೇಕು. ಒಂದು ಚಿತ್ರದ್ದು, ಎರಡು ಬೆಳಕಿನದು, ಒಂದು ಬಿಸಿ ಅಳೆಯುವ ಸೆನ್ಸರಿನದು. ಮುಚ್ಚುವಾಗ ಗಾಜಿನ ಒಳಮೈ ಮೇಲೆ ಒಂದೇ ಒಂದು ಧೂಳಿನ ಕಣ ಉಳಿದರೂ ಬಿಳಿ ಪುಟದ ಮೇಲೆ ಅದು ಅನುಸ್ವಾರದ ಹಾಗೆ ಕೂತುಬಿಡುತ್ತದೆ. ನಾನು ಗಾಜನ್ನು ದೀಪಕ್ಕೆ ಅಡ್ಡ ಹಿಡಿದು ನೋಡಿ, ಒರೆಸಿ, ಮತ್ತೆ ನೋಡಿಯೇ ಕೂರಿಸುವುದು.

2011ರದ್ದಕ್ಕೆ ಒಂದು ಎಚ್ಚರಿಕೆ. ಅದರ ಮೂಲ ಹಾರ್ಡ್ ಡಿಸ್ಕ್ ತನ್ನ ಬಿಸಿ ಎಷ್ಟು ಅಂತ ಮಷೀನಿಗೆ ತಾನೇ ತಿಳಿಸುತ್ತದೆ. ಅಂಗಡಿಯ ಸಾಮಾನ್ಯ ಡಿಸ್ಕ್ ಹಾಕಿದರೆ ಆ ಮಾಹಿತಿ ಬರುವುದಿಲ್ಲ. ಮಷೀನ್ ಗಾಬರಿಯಾಗಿ ಫ್ಯಾನನ್ನು ಫುಲ್ ಸ್ಪೀಡಿಗೆ ಏರಿಸುತ್ತದೆ. ಸೆನ್ಸರ್ ಇರುವ ಬೇರೆ ಕೇಬಲ್ ಹಾಕಿದರೆ, ಅಥವಾ ಫ್ಯಾನ್ ನಿಯಂತ್ರಿಸುವ ಸಾಫ್ಟ್‌ವೇರ್ ಹಾಕಿಕೊಂಡರೆ ಸರಿಹೋಗುತ್ತದೆ.

2012ರ ಕೊನೆಗೆ ಅಂಚು 5 ಮಿಲಿಮೀಟರಿಗೆ ಇಳಿಯಿತು. ಅಂಚು ಮಾತ್ರ, ಬೆನ್ನಿನ ನಡುಭಾಗ ಉಬ್ಬಿಯೇ ಇದೆ. ಡಿವಿಡಿ ಡ್ರೈವ್ ಹೋಯಿತು. ಗಾಜನ್ನೂ ಪ್ಯಾನೆಲನ್ನೂ ಒಂದಾಗಿ ಅಂಟಿಸಿ, ಆ ಜೋಡಿಯನ್ನು ಅಂಟು ಪಟ್ಟಿಯಿಂದ ಮೈಗೆ ಅಂಟಿಸಿದರು. ಇದರಿಂದ ಆದ ಲಾಭವನ್ನು ನಾನು ಅಲ್ಲಗಳೆಯುವುದಿಲ್ಲ. ಗಾಜಿಗೂ ಪ್ಯಾನೆಲಿಗೂ ನಡುವೆ ಗಾಳಿ ಇಲ್ಲದ್ದರಿಂದ ಅಕ್ಷರ ಗಾಜಿನ ಮೇಲೇ ಬರೆದ ಹಾಗೆ ಕಾಣುತ್ತದೆ, ಪ್ರತಿಫಲನ ತುಂಬಾ ಕಮ್ಮಿ, ನಡುವೆ ಧೂಳು ಕೂರುವ ಮಾತೇ ಇಲ್ಲ. ಆದರೆ ಬಿಚ್ಚಬೇಕಾದರೆ ತೆಳ್ಳಗಿನ ಪ್ಲಾಸ್ಟಿಕ್ ಚಕ್ರವನ್ನು ಅಂಚಿನ ಸಂದಿಯಲ್ಲಿ ಓಡಿಸಿ ಅಂಟು ಕತ್ತರಿಸಬೇಕು. ಚಕ್ರ ಆಳಕ್ಕೆ ಹೋದರೆ ಒಳಗಿನ ಕೇಬಲ್ಲಿಗೆ ಅಪಾಯ. ಪ್ರತಿ ಸಲ ಮುಚ್ಚುವಾಗಲೂ ಹೊಸ ಪಟ್ಟಿ ಬೇಕು. 27 ಇಂಚಿನದಕ್ಕೆ ಮೆಮೊರಿಯ ಕಿಂಡಿ ಉಳಿಯಿತು, 21.5 ಇಂಚಿನದಕ್ಕೆ ಅದೂ ಹೋಯಿತು.

ಆ 21.5 ಇಂಚಿನದು ಇರುವವರು ತುಂಬಾ ಜನ. ಅದರಲ್ಲಿರುವುದು ಲ್ಯಾಪ್‌ಟಾಪಿನ ಚಿಕ್ಕ ಹಾರ್ಡ್ ಡಿಸ್ಕ್, ನಿಮಿಷಕ್ಕೆ 5400 ಸುತ್ತಿನದು. ಮಷೀನ್ ಸ್ಲೋ ಅಂತ ಬೈಸಿಕೊಳ್ಳುವುದು ಪ್ರೊಸೆಸರ್, ತಪ್ಪು ಮಾತ್ರ ಆ ಡಿಸ್ಕಿನದು. ನನ್ನ ಸಲಹೆ ಇಷ್ಟೇ. ಬಿಚ್ಚಲು ಹೋಗಬೇಡಿ. ಯುಎಸ್‌ಬಿ 3 ಹೇಗೂ ಇದೆ, ಸುತ್ತುವ ಭಾಗವೇ ಇಲ್ಲದ ವೇಗದ ಡಿಸ್ಕ್ ಆದ ಎಸ್‌ಎಸ್‌ಡಿ ಒಂದನ್ನು ಹೊರಗಿನಿಂದ ಸಿಕ್ಕಿಸಿ, ಸಿಸ್ಟಮನ್ನು ಅದರ ಮೇಲೆ ಹಾಕಿ, ಅಲ್ಲಿಂದಲೇ ಶುರುವಾಗುವ ಹಾಗೆ ಮಾಡಿ. ಅದೇ ಮಷೀನಾ ಇದು ಅಂತ ಕೇಳುವಷ್ಟು ಬದಲಾಗುತ್ತದೆ. ಎಸ್‌ಎಸ್‌ಡಿ, ಹಾರ್ಡ್ ಡಿಸ್ಕ್ ಎರಡನ್ನೂ ಸೇರಿಸಿ ಒಂದೇ ಡಿಸ್ಕಿನ ಹಾಗೆ ಮಾಡಿದ ಫ್ಯೂಷನ್ ಡ್ರೈವ್ ಇರುವವರೂ ಒಮ್ಮೆ ನೋಡಿಕೊಳ್ಳಿ. 2012ರಲ್ಲಿ ಅದರ ಎಸ್‌ಎಸ್‌ಡಿ ಭಾಗ 128 ಜಿಬಿ ಇತ್ತು. 2015ರ 1 ಟಿಬಿ ಮಾದರಿಯಲ್ಲಿ ಅದನ್ನು 24 ಜಿಬಿಗೆ ಇಳಿಸಿದರು. ಹೆಸರು ಅದೇ, ಒಳಗಿನದು ಬೇರೆ.

ಇನ್ನು 2014ರ ಅಕ್ಟೋಬರ್. 5ಕೆ ಪರದೆ, 5120 ಗುಣಿಸು 2880. ಅಳತೆ ಅದೇ 27 ಇಂಚು, ಆದರೆ ಉದ್ದಕ್ಕೂ ಅಗಲಕ್ಕೂ ಎರಡರಷ್ಟು ಪಿಕ್ಸೆಲ್. ಒಂದು ಇಂಚಿಗೆ 109 ಇದ್ದದ್ದು 218 ಆಯಿತು. ಇಂಗ್ಲಿಷ್ ಓದುವವರಿಗೂ ಇದು ಚೆಂದವೇ, ಕನ್ನಡ ಅಕ್ಷರಗಳ ಜೊತೆ ಕೆಲಸ ಮಾಡುವವರಿಗೆ ಇದು ಬೇರೆಯೇ ಲೋಕ. ನಮ್ಮ ಲಿಪಿಯಲ್ಲಿ ಒತ್ತುಗಳು ಸಾಲಿನ ಕೆಳಗೆ ಪುಟ್ಟದಾಗಿ ಕೂರುತ್ತವೆ. 'ಸ್ವಾತಂತ್ರ್ಯ' ಅನ್ನುವ ಪದವನ್ನು 10 ಪಾಯಿಂಟಿನಲ್ಲಿ ಇಟ್ಟು ಹಳೇ 27 ಇಂಚಿನ ಪರದೆಯಲ್ಲಿ ನೋಡಿ. ತಕಾರದ ಅಡಿಯ ರಕಾರ, ಅದರ ಪಕ್ಕದ ಯಕಾರ ಎರಡೂ ಕಲಸಿಹೋಗಿ ಒಂದು ಬೂದು ಚುಕ್ಕೆ ಆಗಿರುತ್ತವೆ. ದೀರ್ಘದ ಕೊಂಬು ಸರಿಯಿದೆಯೋ ಇಲ್ಲವೋ ತಿಳಿಯಲು ಮತ್ತೆ ಮತ್ತೆ ದೊಡ್ಡದು ಮಾಡಿ ನೋಡಬೇಕು. 5ಕೆ ಪರದೆಯಲ್ಲಿ ಅದೇ ಪದ, ಅದೇ ಅಳತೆ, ಅಚ್ಚಾದ ಕಾಗದ ಎದುರಿಗಿಟ್ಟ ಹಾಗೆ. ರಕಾರದ ಒತ್ತಿನ ಸುಳಿ ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆ ಅಂತ ಕಾಣುತ್ತದೆ. ಪ್ರೂಫ್ ತಪ್ಪುಗಳು ಪ್ರಿಂಟ್ ತೆಗೆಯುವ ಮೊದಲೇ ಸಿಗತೊಡಗಿದವು. ಐಮ್ಯಾಕಿನ ಅಷ್ಟೂ ತಲೆಮಾರುಗಳಲ್ಲಿ ನನ್ನ ಕೆಲಸವನ್ನು ನಿಜವಾಗಿ ಬದಲಿಸಿದ್ದು ಇದು.

ಅದೇ ಮಷೀನಿನಲ್ಲಿ ಟಾರ್ಗೆಟ್ ಡಿಸ್‌ಪ್ಲೇ ಮೋಡ್ ಹೋಯಿತು. ಕಾರಣ ನ್ಯಾಯವಾದದ್ದೇ. ಅಷ್ಟು ಪಿಕ್ಸೆಲುಗಳನ್ನು ಸೆಕೆಂಡಿಗೆ 60 ಸಲ ಹೊತ್ತೊಯ್ಯುವ ಶಕ್ತಿ ಆಗಿನ ಡಿಸ್‌ಪ್ಲೇಪೋರ್ಟ್ 1.2ರ ಒಂದು ಕೇಬಲ್ಲಿಗೆ ಇರಲಿಲ್ಲ. ಆದರೆ 2017ರ ಐಮ್ಯಾಕಿಗೆ ಥಂಡರ್‌ಬೋಲ್ಟ್ 3 ಬಂತು, ಆ ಕೇಬಲ್ ಇದನ್ನು ಸಲೀಸಾಗಿ ಹೊರುತ್ತದೆ. ಆದರೂ ಆ ಸೌಲಭ್ಯ ವಾಪಸ್ ಬರಲಿಲ್ಲ. ಇದನ್ನು ಮಾತ್ರ ನಾನು ಒಪ್ಪುವುದಿಲ್ಲ. 2014ರ 5ಕೆ ಐಮ್ಯಾಕಿಗೆ ಸಿಗುವ ಕೊನೆಯ ಸಿಸ್ಟಮ್ ಬಿಗ್ ಸರ್. ಅಷ್ಟು ಒಳ್ಳೆಯ ಪರದೆ, ಎದುರಿಗಿದ್ದರೂ ಮಷೀನ್ ಬಿಚ್ಚದೆ ಬರೀ ಕೇಬಲ್ಲಿನಿಂದ ಹೊಸ ಕಂಪ್ಯೂಟರಿಗೆ ಜೋಡಿಸಲು ದಾರಿಯೇ ಇಲ್ಲ.

2021ರಲ್ಲಿ ಎಂ1 ಚಿಪ್ಪಿನ 24 ಇಂಚಿನದು ಬಂತು. ಏಳು ಬಣ್ಣ, 11.5 ಮಿಲಿಮೀಟರ್ ದಪ್ಪ, ತೂಕ ನಾಲ್ಕೂವರೆ ಕೆಜಿ. ಕಂಪ್ಯೂಟರೆಲ್ಲ ಪರದೆಯ ಕೆಳಗಿನ ಗದ್ದದಲ್ಲೇ ಸೇರಿಕೊಂಡಿದೆ. ಹೆಡ್‌ಫೋನ್ ಪಿನ್ನನ್ನು ಹಿಂದಿನಿಂದ ಚುಚ್ಚಿದರೆ ಮುಂದಕ್ಕೆ ಬಂದುಬಿಡುವಷ್ಟು ತೆಳು, ಅದಕ್ಕೇ ಆ ತೂತು ಪಕ್ಕದಲ್ಲಿದೆ. ಪವರ್ ಸಪ್ಲೈ ಹೊರಗಿನ ಅಡಾಪ್ಟರಿಗೆ ಹೋಯಿತು, ನೆಟ್‌ವರ್ಕ್ ಕೇಬಲ್ಲೂ ಅಲ್ಲಿಗೇ. ಇದು ನನಗೆ ಇಷ್ಟವಾಯಿತು. ಪವರ್ ಸಪ್ಲೈ ಕೆಟ್ಟರೆ ಮಷೀನ್ ಬಿಚ್ಚದೆ ಬದಲಿಸಬಹುದು. ಆದರೆ ಮೆಮೊರಿ ಚಿಪ್ಪಿನ ಜೊತೆಗೇ ಇದೆ. ಕೊಳ್ಳುವ ದಿನ ಎಷ್ಟು ತಗೊಂಡರೋ ಕೊನೆವರೆಗೂ ಅಷ್ಟೇ. 2023ರ ಎಂ3 ಬರೀ ಚಿಪ್ಪಿನ ಬದಲಾವಣೆ ಅಂದರೂ ಆದೀತು. 2024ರ ಎಂ4ರಲ್ಲಿ ಮೆಮೊರಿ 16 ಜಿಬಿಯಿಂದ ಶುರು, ಪ್ರತಿಫಲನ ತಡೆಯುವ ಗಾಜೂ ಸಿಗುತ್ತದೆ. ಎಂ ಸಾಲಿನಲ್ಲಿ ತಗೊಳ್ಳುವುದಾದರೆ ನಾನು ಇದನ್ನೇ ತಗೊಳ್ಳಿ ಅನ್ನುತ್ತೇನೆ, ಮುಖ್ಯವಾಗಿ ಆ 16 ಜಿಬಿಗಾಗಿ.

27 ಇಂಚಿನದಕ್ಕೆ ಏನಾಯಿತು? 2022ರ ಮಾರ್ಚಿನಲ್ಲಿ ಆಪಲ್ ಸ್ಟುಡಿಯೊ ಡಿಸ್‌ಪ್ಲೇ ಅನ್ನುವ 27 ಇಂಚಿನ 5ಕೆ ಮಾನಿಟರ್ ತಂದಿತು, ಜೊತೆಗೆ ಮ್ಯಾಕ್ ಸ್ಟುಡಿಯೊ ಅನ್ನುವ, ಪರದೆಯಿಲ್ಲದ ಕಂಪ್ಯೂಟರ್ ಪೆಟ್ಟಿಗೆ. 27 ಇಂಚಿನ ಐಮ್ಯಾಕನ್ನು ಆಗಲೇ ನಿಲ್ಲಿಸಿದರು. ದೊಡ್ಡ ಪರದೆ ಬೇಕಾದವರಿಗೆ ಪರದೆ ಬೇರೆ, ಕಂಪ್ಯೂಟರ್ ಬೇರೆ ಅಂತ ಅವರೇ ಒಪ್ಪಿಕೊಂಡ ಹಾಗಾಯಿತು. ನನಗೆ ಇದು ಸರಿಯೆನಿಸುತ್ತದೆ, 27 ಇಂಚಿನ ಐಮ್ಯಾಕ್ ಮೇಲೆ ಎಷ್ಟೇ ಪ್ರೀತಿ ಇದ್ದರೂ.

ನನ್ನ 2014ರದ್ದನ್ನು ನಾನು ಬಿಸಾಡಲಿಲ್ಲ. ಅಂಟು ಕತ್ತರಿಸಿ, ಬೋರ್ಡ್, ಫ್ಯಾನ್, ಡಿಸ್ಕ್, ಪವರ್ ಸಪ್ಲೈ ಎಲ್ಲ ತೆಗೆದು, ಅಲ್ಲಿ ಒಂದು ಡ್ರೈವರ್ ಬೋರ್ಡ್ ಕೂರಿಸಿದೆ. ಡಿಸ್‌ಪ್ಲೇಪೋರ್ಟಿನಿಂದ ಬರುವ ಚಿತ್ರವನ್ನು ಈ ಪ್ಯಾನೆಲಿಗೆ ತಕ್ಕ ಹಾಗೆ ಮಾಡಿಕೊಡುವ ಬೋರ್ಡ್ ಅದು. ಈಗ ಅದೇ ಪರದೆ ಮ್ಯಾಕ್ ಮಿನಿ ಅನ್ನುವ, ಪರದೆಯಿಲ್ಲದ ಪುಟ್ಟ ಕಂಪ್ಯೂಟರಿಗೆ ಮಾನಿಟರ್ ಆಗಿ ಪೂರ್ತಿ 5ಕೆಯಲ್ಲಿ ಓಡುತ್ತಿದೆ. ಅದರ ಕ್ಯಾಮೆರಾ ಕೆಲಸ ಮಾಡುವುದಿಲ್ಲ. ಬೆಳಕು ಹೆಚ್ಚು ಕಮ್ಮಿ ಮಾಡಲು ಬೋರ್ಡಿನ ಜೊತೆ ಬಂದ ಬಟನ್ನನ್ನೇ ಒತ್ತಬೇಕು. ಅಕ್ಷರಗಳು ಮಾತ್ರ ಮೊದಲಿನಷ್ಟೇ ಚೆಂದ.

ಮಾಡಿ ನೋಡಬೇಕು ಅನ್ನುವವರಿಗೆ ಎರಡು ಮಾತು. ಬೋರ್ಡ್ ತರಿಸುವ ಮೊದಲು ಪ್ಯಾನೆಲಿನ ಬೆನ್ನ ಮೇಲಿನ ಚೀಟಿಯಲ್ಲಿ ಮಾಡೆಲ್ ನಂಬರನ್ನು ಕೊನೆಯ ಅಕ್ಷರದವರೆಗೂ ಓದಿಕೊಳ್ಳಿ. ಒಂದೇ ಥರ ಕಾಣುವ 5ಕೆ ಪ್ಯಾನೆಲುಗಳಿಗೆ ಬೇರೆ ಬೇರೆ ಬೋರ್ಡ್ ಬೇಕಾಗುತ್ತದೆ. ಹಾಗೆಯೇ, ಪ್ಲಗ್ ಕಿತ್ತ ಮೇಲೂ ಹಳೇ ಪವರ್ ಸಪ್ಲೈಯ ಕೆಪಾಸಿಟರುಗಳಲ್ಲಿ ಕರೆಂಟ್ ಉಳಿದಿರುತ್ತದೆ, ಆ ಬೋರ್ಡಿಗೆ ಮೇಲೆ ಮುಚ್ಚಳವೂ ಇರುವುದಿಲ್ಲ. ಪ್ಲಗ್ ತೆಗೆದು ಸಾಕಷ್ಟು ಹೊತ್ತು ಬಿಟ್ಟು ಆಮೇಲೆ ಕೈ ಹಾಕಿ. ಆಗಲೂ ಅದನ್ನು ಅಂಚಿನಲ್ಲಿ ಹಿಡಿದೇ ಹೊರತೆಗೆಯಿರಿ, ಹಿಂಬದಿಯ ಬೆಸುಗೆಗಳನ್ನು ಮುಟ್ಟಬೇಡಿ.